ಆ ನಗು ಎಲ್ಲಿಂದ ಬಂತು?

ಆ ದಿನ ಗುತ್ಯಮ್ಮ ಚಹಾಕ್ಕೆ ನೀರಿಟ್ಟದ್ದು ನಾಲ್ಕನೆಯ ಸಲ. ಹಾಲು ಮುಗಿದಿತ್ತು. ಸಕ್ಕರೆ ಡಬ್ಬಿಯ ತಳ ಕಾಣುತ್ತಿತ್ತು. ಶಿರಾಳಕೊಪ್ಪದ ಬಸ್ಸು ಇಳಿದು ಬಂದ ಐದು ಜನ ಜಗಲಿಯ ಮೇಲೆ ಕೂತಿದ್ದರು. ಅವರಲ್ಲಿ ಇಬ್ಬರು ಯಾರೆಂಬುದೇ ಅವಳಿಗೆ ಗೊತ್ತಿರಲಿಲ್ಲ.

"ಪಾಪ, ಹೆಂಗಾತು ಅಂತ ಒಂಚೂರು ಹೇಳವ್ವ," ಎಂದಳು ಅವರಲ್ಲಿ ಹಿರಿಯಳಾದ ಹೆಂಗಸು, ಸೆರಗಿನ ತುದಿಯನ್ನು ಮೊದಲೇ ಕಣ್ಣಿಗೆ ಒತ್ತಿಕೊಂಡು.

"ಟೀವಿಲಿ ಬಂದಿತ್ತಲ್ಲ. ನೋಡ್ಲಿಲ್ವಾ?"

"ನೋಡಿದ್ವಿ ಬಿಡು. ನಿನ್ನ ಬಾಯಿಂದ ಕೇಳಿದಂಗೆ ಆಗ್ತದಾ?"

ಸಾವಾದ ಮನೆಗೆ ಮಾತಾಡಿಸಲು ಬಂದವರಿಗೆ ಸಾವು ಹೇಗಾಯಿತೆಂದು ಮೊದಲಿನಿಂದ ಹೇಳಬೇಕು. ಅದು ರೂಢಿ. ಹೇಳದಿದ್ದರೆ, ಅಷ್ಟು ದೂರದಿಂದ ಬಂದೆವು, ಬಾಯಿ ಬಿಡಲಿಲ್ಲ ಎಂದು ಬೇಸರ ಮಾಡಿಕೊಳ್ಳುತ್ತಾರೆ. ಕಾಯಿಲೆಯಿಂದ ಹೋದವರ ಕಥೆಯಾದರೆ ಹದಿನೈದು ದಿನಕ್ಕೆ ಮುಗಿಯುತ್ತದೆ. ಗುತ್ಯಮ್ಮನ ಮನೆಯ ಕಥೆ ಒಂಬತ್ತು ತಿಂಗಳಾದರೂ ಮುಗಿದಿರಲಿಲ್ಲ.

ನಡೆದದ್ದು ಇಷ್ಟು. ಹಿಂದಿನ ಚಳಿಗಾಲದಲ್ಲಿ ಕಲ್ಲುಬಾವಿಕೊಪ್ಪಕ್ಕೆ ಪಶು ಆಸ್ಪತ್ರೆಯವರು ಕುರಿಗಳಿಗೆ ಲಸಿಕೆ ಹಾಕಲು ಬಂದಿದ್ದರು. ಊರ ಮುಂದಿನ ಹೊಂಗೆ ಮರದ ಕೆಳಗೆ ಕುರಿಯವರೆಲ್ಲ ಸೇರಿದ್ದರು. ಗುತ್ಯಮ್ಮ ಒಂದೊಂದೇ ಕುರಿಯನ್ನು ಅವುಚಿ ಹಿಡಿಯುತ್ತಿದ್ದಳು. ಸೂಜಿ ಆದ ಕುರಿಯ ಬೆನ್ನಿಗೆ ಅವಳ ಸೊಸೆ ಸುಮಾ ಕೆಂಪು ಬಣ್ಣದ ಗೆರೆ ಎಳೆಯುತ್ತಿದ್ದಳು, ಒಂದೇ ಕುರಿಗೆ ಎರಡು ಸಲ ಆಗಬಾರದೆಂದು. ಕುರಿ ನುಗ್ಗಿ ತನ್ನ ಮೆಕ್ಕೆಜೋಳ ಹಾಳಾಯಿತೆಂದು ಕುರಿಯವರ ಮೇಲೆ ಹಗೆ ಹಿಡಿದಿದ್ದ ಅದೇ ಊರಿನವನೊಬ್ಬ ಅಲ್ಲಿಗೆ ಬಂದ. ಅವನ ಕೈಯಲ್ಲಿ ಎರಡು ನಳಿಗೆಯ ಬಂದೂಕು. ಹೊಲಕ್ಕೆ ಬರುವ ಹಂದಿ ಓಡಿಸಲೆಂದು ಸರ್ಕಾರವೇ ಲೈಸೆನ್ಸ್ ಕೊಟ್ಟಿದ್ದ ಬಂದೂಕು ಅದು. ಐದು ಜನರಿಗೆ ಗುಂಡು ತಗುಲಿತು. ಲೋಕಪ್ಪ, ಉಚ್ಚಂಗಪ್ಪ, ಸುಮಾ ಈ ಮೂವರು ಉಳಿಯಲಿಲ್ಲ. ಸುಮಾಳ ಮದುವೆಯಾಗಿ ಎರಡು ವರ್ಷವಾಗಿತ್ತಷ್ಟೆ.

ಅವನು ಅಂದೇ ಸಿಕ್ಕಿಬಿದ್ದ. ಈಗ ಜೈಲಿನಲ್ಲಿದ್ದಾನೆ. ಗುತ್ಯಮ್ಮನಿಗೆ ಮಾತ್ರ ಬಿಡುಗಡೆ ಇಲ್ಲ.

ಅವಳು ಚಹಾದ ಲೋಟಗಳನ್ನು ತಂದಿಟ್ಟು, ಕಂಬಕ್ಕೆ ಒರಗಿ ಕೂತು, ಹೇಳತೊಡಗಿದಳು. ಎಷ್ಟು ಸಲ ಹೇಳಿದ್ದಳೆಂದರೆ ಮಾತು ತಾನಾಗಿ ಬರುತ್ತಿತ್ತು. ಎಲ್ಲಿ ನಿಲ್ಲಿಸಿದರೆ ಕೇಳುವವರು "ಅಯ್ಯೋ ಶಿವನೇ" ಅನ್ನುತ್ತಾರೆಂಬುದೂ ಗೊತ್ತಿತ್ತು. "ಲೋಕಪ್ಪಗೆ ಹೊಡ್ದದ್ದು ಕಣ್ಣಾರೆ ನೋಡಿದೆ. ಆಮೇಲೆ ನಮ್ಮ ಸುಮಾ ಕಡೆ ತಿರುಗಿದ. ತಿರುಗಿ, ಹಲ್ಲು ಬಿಟ್ಟು ನಕ್ಕ ನೋಡಿ. ನಗ್ತಾ ನಗ್ತಾ ಹೊಡ್ದ."

"ಅಯ್ಯೋ ಶಿವನೇ!" ಎಂದಳು ಹಿರಿಯ ಹೆಂಗಸು.

"ಅಮ್ಮ, ಸಾಕು," ಎಂದ ಬಾಗಿಲಲ್ಲಿ ನಿಂತಿದ್ದ ಮಗ ಶಿವಶಂಕರ. ಸತ್ತವಳು ಅವನ ಹೆಂಡತಿ. ಆ ಮಾತು ಶುರುವಾದಾಗಲೆಲ್ಲ ಅವನು ಎದ್ದು ಕುರಿದೊಡ್ಡಿಗೆ ಹೋಗುತ್ತಿದ್ದ. ಆ ದಿನವೂ ಹೋದ.

ಅವನು ಹಿಂದಿನ ವಾರ ಶಿರಾಳಕೊಪ್ಪದ ಸಂತೆಗೆಂದು ಹೊರಟು ಬರಿಗೈಯಲ್ಲಿ ವಾಪಸು ಬಂದಿದ್ದ. ಬಸ್ಸಿನಲ್ಲಿ ಪಕ್ಕದ ಸೀಟಿನ ಹುಡುಗನ ಮೊಬೈಲಿನಲ್ಲಿ ಆ ಕೊಂದವನ ಫೋಟೊ ಕಂಡಿತಂತೆ. ಯಾರದೋ ಮದುವೆಯಲ್ಲಿ ನಗುತ್ತ ನಿಂತ ಫೋಟೊ. ಹಿಂದೆ ತಮಟೆಯ ಬಡಿತ, ಸುತ್ತ ಬೆಂಕಿಯ ಚಿತ್ರ. ಹುಡುಗ ಅದನ್ನು ಸ್ಟೇಟಸ್ಸಿಗೆ ಹಾಕುತ್ತಿದ್ದನಂತೆ. "ಇವನು ಯಾರು ಗೊತ್ತಾ ಅಣ್ಣ? ನಗ್ತಾನೇ ಮೂರು ಜನರನ್ನ ಉರುಳಿಸಿದೋನು," ಎಂದು ಶಿವಶಂಕರನಿಗೇ ತೋರಿಸಿದನಂತೆ. ಶಿವಶಂಕರ ಬಸ್ಸು ನಿಲ್ಲಿಸಿ ಇಳಿದು, ಏಳು ಮೈಲಿ ನಡೆದು ಬಂದಿದ್ದ.

ಜಗಲಿಯವರು ಹೋಗುವಷ್ಟರಲ್ಲಿ ಚೌಡೇಶ್ ಬಂದ. ಅವನು ಗುತ್ಯಮ್ಮನ ಗಂಡ ಉಜ್ಜಪ್ಪನ ಅಕ್ಕನ ಮಗ. ಶಿರಾಳಕೊಪ್ಪದಲ್ಲಿ ಅವನದೊಂದು ಮೊಬೈಲ್ ಅಂಗಡಿ ಇದೆ. ಬಗಲಲ್ಲಿ ಮೂರು ಕಾಲಿನ ಸ್ಟ್ಯಾಂಡು.

"ಅತ್ತಿ, ಹಳೇ ವಿಡಿಯೋ ಎಷ್ಟು ಜನ ನೋಡ್ಯಾರ ಹೇಳು? ಎರಡು ಲಕ್ಷದ ಮ್ಯಾಲೆ! ಈಗ ಸಮನ್ಸ್ ಬಂದೈತಲ್ಲ, ಕೋರ್ಟಿಗೆ ಹೋಗೂಕ್ಕಿಂತ ಮೊದಲು ಇನ್ನೊಂದು ಮಾಡಿಬಿಡೂಣು. ಆ ನಗೂದು ಐತಲ್ಲ, ಅದನ್ನ ಸ್ವಲ್ಪ ನಿಧಾನಕ್ಕೆ ಹೇಳು."

"ಎದ್ದು ಹೋಗೋ ನೀನು! ಚಹಾಕ್ಕೆ ಹಾಲಿಲ್ಲ ಅಂತ ನಾನು ಒದ್ದಾಡ್ತಿದ್ರೆ ಇವನದೊಂದು ವಿಡಿಯೋ!"

"ಅದ್ಯಾಕೆ ಅವನನ್ನ ಬೈತೀಯ?" ಎಂದ ಉಜ್ಜಪ್ಪ ಒಳಗಿನಿಂದ. ಅವನು ಆಗಲೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳುತ್ತಿದ್ದ. ಟೀವಿಯವರು ಮೊದಲ ಸಲ ಬಂದಾಗ ಬನಿಯನ್ನಿನಲ್ಲೇ ಕಾಣಿಸಿಕೊಂಡಿದ್ದಕ್ಕೆ ಅವನಿಗೆ ಇಂದಿಗೂ ಕೊರಗು. "ಜನಕ್ಕೆ ಗೊತ್ತಾಗ್ಲಿ. ಅವನ ಕಡೆ ವಕೀಲ ಏನಂತಾನಂತೆ ಗೊತ್ತಾ? ಹೆದ್ರಿಸೋಕೆ ಹೋದದ್ದು, ಕೈತಪ್ಪಿ ಹಾರ್ತು, ಅಂತ. ಕೋರ್ಟು ಗೀರ್ಟು ಎಲ್ಲಾ ದಂಡ. ಸಿಕ್ಕಿದ ದಿನವೇ ಪೊಲೀಸರು ಗುಂಡಿಕ್ಕಬೇಕಿತ್ತು."

"ಇಕ್ಕಿದ್ರೆ ನಿಮಗೆ ಅಂಗಿ ಹಾಕ್ಕೊಳ್ಳೋ ಕೆಲಸ ಇರ್ತಿರ್ಲಿಲ್ಲ," ಎಂದಳು ಗುತ್ಯಮ್ಮ.

ಅಷ್ಟರಲ್ಲಿ ಅಂಗಳದಿಂದ ಒಂದು ದನಿ ಕೇಳಿತು. "ಮನೇಲಿದೀರಾ?" ಕುಪ್ಪಗಡ್ಡೆಯ ರಾಜೇಶ್ವರಮ್ಮ. ಸ್ವಸಹಾಯ ಸಂಘದ ಕೆಲಸದ ಜೊತೆಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿಯಾಗಿಯೂ ಓಡಾಡುವವರು. ಮಂಡಿ ನೋವು. ಜಗಲಿಯ ಮೆಟ್ಟಿಲು ಹತ್ತುವಾಗ ಕಂಬ ಹಿಡಿದುಕೊಂಡರು.

"ನನಗೆ ಚಹಾ ಬೇಡ ಗುತ್ಯಮ್ಮ. ನಿಮ್ಮ ಮುಖ ನೋಡಿದ್ರೇ ಗೊತ್ತಾಗ್ತದೆ. ನೀರು ಕೊಡಿ, ಸಾಕು."

ಒಂಬತ್ತು ತಿಂಗಳಲ್ಲಿ ಚಹಾ ಬೇಡವೆಂದ ಮೊದಲ ಮನುಷ್ಯರು ಅವರು. ಗುತ್ಯಮ್ಮನಿಗೆ ಅಳು ಬಂದಂತಾಯಿತು.

ನೀರು ಕುಡಿದು ಅವರು ಸ್ಟ್ಯಾಂಡನ್ನು ನೋಡಿದರು, ಚೌಡೇಶನನ್ನು ನೋಡಿದರು. "ಇದೇನಪ್ಪ, ಇನ್ನೊಂದಾ?"

"ನ್ಯಾಯಕ್ಕೋಸ್ಕರ ಮೇಡಂ."

"ಹೌದು ಹೌದು. ನ್ಯಾಯದ ಕೆಳಗೆ ನಿನ್ನ ಅಂಗಡಿ ಫೋನ್ ನಂಬರ್ ಹಾಕಿದ್ದೆಯಲ್ಲ, ನೋಡಿದೆ." ಚೌಡೇಶ್ ತಲೆ ಕೆರೆದುಕೊಂಡ. ಅವರು ಗುತ್ಯಮ್ಮನ ಕಡೆ ತಿರುಗಿದರು. "ಕೋರ್ಟಿಗೆ ಇನ್ನು ಹದಿನೆಂಟು ದಿನ. ಏನು ಹೇಳ್ಬೇಕು ಅಂತ ಹೇಳಿಕೊಡೋಕೆ ನಾನು ಬಂದಿಲ್ಲ. ಹೇಳಿಕೊಡಲೂ ಬಾರದು. ಒಂದೇ ಮಾತು ಕೇಳ್ತೇನೆ. ಅವನು ನಕ್ಕದ್ದನ್ನ ನೀವು ನೋಡಿದ್ರಾ?"

"ಹೇಳಿದ್ದೇನಲ್ಲ, ಟೀವಿಲೂ ಹೇಳಿದ್ದೇನೆ."

"ಹೇಳಿದ್ದು ನನಗೆ ಗೊತ್ತು. ನಾನು ಕೇಳಿದ್ದು ನೋಡಿದ್ದನ್ನ."

ಗುತ್ಯಮ್ಮ ಬಾಯಿ ತೆರೆದಳು. ತಾನಾಗಿ ಹರಿಯುತ್ತಿದ್ದ ಮಾತು ಮೊದಲ ಸಲ ತಡೆದು ನಿಂತಿತು.

"ಕಣ್ಮುಚ್ಚಿದ್ರೆ ಕಾಣ್ತದೆ. ಹಲ್ಲು ಕಾಣ್ತದೆ," ಎಂದಳು ನಿಧಾನವಾಗಿ.

"ಮೊದಲ ದಿನ ಪೊಲೀಸರ ಹತ್ರ ನಗು ಅಂತ ಹೇಳಿದ್ರಾ? ಮೂರನೇ ದಿನ ಮ್ಯಾಜಿಸ್ಟ್ರೇಟ್ ಹತ್ರ?"

"ಹೇಳಿದೆನೋ ಇಲ್ಲವೋ... ನೆನಪಿಲ್ಲ."

"ಹಂಗಾದ್ರೆ ಆ ನಗು ಮೊದಲು ಯಾರ ಬಾಯಲ್ಲಿ ಬಂತು?"

ಎಲ್ಲರೂ ಯೋಚಿಸಿದರು. ಕೊನೆಗೆ ಉಜ್ಜಪ್ಪನೇ ಹೇಳಿದ. ಐದನೆಯ ದಿನ ಅವನ ಅಕ್ಕ ಬಂದಿದ್ದಳು. ಗುತ್ಯಮ್ಮ ಅಳುತ್ತ ಹಲ್ಲು ಹಲ್ಲು ಎಂದಾಗ ಅಕ್ಕ, "ಹಲ್ಲು ಕಿಸಿದು ನಕ್ಕಿರಬೇಕು ರಾಕ್ಷಸ," ಎಂದಳು. ಮರುದಿನ ಬಂದವರು, "ನಕ್ಕನಂತೆ ಹೌದಾ?" ಎಂದು ಕೇಳಿದರು. ಅದರ ಮರುದಿನ ಟೀವಿಯ ಹುಡುಗಿ ಮೈಕು ಹಿಡಿದು, "ನಗ್ತಾ ನಗ್ತಾ ಗುಂಡು ಹಾರಿಸಿದ ಅಲ್ವಾ ಅಮ್ಮಾ?" ಎಂದಳು. ಗುತ್ಯಮ್ಮ ಹೂಂ ಎಂದಳು. ಬೆಳಕು ಸರಿಯಿಲ್ಲ, ಇನ್ನೊಮ್ಮೆ ಹೇಳಿ ಎಂದರು. ಇನ್ನೊಮ್ಮೆ ಹೇಳಿದಳು. ಅಂದು ಸಂಜೆಯಿಂದ ನಾಡಿಗೆಲ್ಲ ಅವನು ನಗುವ ಹಂತಕನಾದ.

"ಅಲ್ಲ ರಾಜೇಶ್ವರಮ್ಮಾರೇ," ಎಂದು ಉಜ್ಜಪ್ಪ ಸಿಡುಕಿದ. "ಒಂದು ನಗು ಹೆಚ್ಚಾಗಿದ್ರೆ ಏನು ಮುಳುಗಿ ಹೋಯ್ತು? ಮೂರು ಜನ ಸತ್ತದ್ದು ಸುಳ್ಳಾ? ಕೊಂದೋನಿಗೆ ಸೇರಿದ್ದೇ ಅಲ್ವಾ ಅದು?"

"ಉಜ್ಜಪ್ಪಾರೇ, ಈ ಪ್ರಶ್ನೇನ ನಾನು ಬೆಳಿಗ್ಗೆಯಿಂದ ಮೂರು ಮನೇಲಿ ಕೇಳಿಸ್ಕೊಂಡೆ. ನನ್ನ ಮಂಡಿ ಆಣೆಗೂ ಸಾಕಾಗಿದೆ." ಅವರು ಕಾಲು ನೀಡಿಕೊಂಡರು. "ಮಿಕ್ಕವರೆಲ್ಲ ಓಡಿದ್ರು. ಸುಮಾಗೆ ಗುಂಡು ಬಿದ್ದದ್ದನ್ನ ಹತ್ತಿರದಿಂದ ನೋಡಿದೋರು ಇವರೊಬ್ಬರೇ. ಅವನ ವಕೀಲ ನಿಮ್ಮ ಸೋದರಳಿಯನ ವಿಡಿಯೋ ತೋರಿಸ್ತಾನೆ. ಇಲ್ಲಿ ಹೀಗಂದಿದೀರಿ, ಅಲ್ಲಿ ಹಾಗಂದಿದೀರಿ, ಯಾವುದು ನಿಜ ಅಂತಾನೆ. ಒಂದು ಸುಳ್ಳು ಅಂತ ತೋರಿಸಿದ್ರೆ, ಮಿಕ್ಕಿದ್ದೂ ಸುಳ್ಳಿರಬಹುದಲ್ವಾ ಅಂತ ಜಡ್ಜ್ ಹತ್ರ ಕೇಳ್ತಾನೆ. ಆಗ ಕೈತಪ್ಪಿ ಹಾರ್ತು ಅನ್ನೋ ಮಾತಿಗೆ ಬೆಲೆ ಬರ್ತದೆ. ನಗೋಕೆ ಅವನಿಗೆ ನಿಜವಾಗಿ ಕಾರಣ ಸಿಗೋದು ಆವಾಗ."

ಉಜ್ಜಪ್ಪ ಅಂಗಿಯ ಗುಂಡಿ ಹಾಕುವುದನ್ನು ಅರ್ಧಕ್ಕೆ ನಿಲ್ಲಿಸಿದ.

"ಇನ್ನೊಂದು," ಎಂದರು ಅವರು ಚೌಡೇಶನಿಗೆ. "ನಿನ್ನ ಎರಡು ಲಕ್ಷ ಜನದಲ್ಲಿ ಸುಮಾ ಮುಖ ಯಾರಿಗೆ ಗೊತ್ತು? ಅವನದು ಎಲ್ಲರಿಗೂ ಗೊತ್ತು. ಯಾರ ಮೇಲೋ ಹಗೆ ಇಟ್ಟುಕೊಂಡು ಕೂತ ಇನ್ನೊಬ್ಬ ಅದನ್ನ ನೋಡ್ತಿರ್ತಾನೆ. ಒಂದು ದಿನ ಬಂದೂಕು ಎತ್ತಿದ್ರೆ ನಾಡೇ ನನ್ನ ಹೆಸರು ಹೇಳ್ತದೆ ಅಂತ ಅವನಿಗೆ ಅನ್ನಿಸ್ತದೆ. ಅವನಿಗೆ ನಾವೇ ದಾರಿ ತೋರಿಸಿದಂಗೆ ಆಗಲ್ವಾ?"

"ನಾನೊಬ್ಬ ತೆಗೆದ್ರೆ ಏನಾಗ್ತೈತಿ ಮೇಡಂ? ಸಾವಿರ ಜನ ಹಂಚ್ಯಾರ."

"ಸಾವಿರ ಜನರ ಬಾಗಿಲಿಗೆ ಹೋಗೋಕೆ ನನ್ನ ಮಂಡಿ ಬಿಡಲ್ಲ. ನೀನು ಎದುರಿಗೆ ಸಿಕ್ಕಿದೀಯ."

ಅವರು ಎದ್ದು ಹೊರಟಾಗ ಗುತ್ಯಮ್ಮ ಅಂಗಳದವರೆಗೂ ಹಿಂದೆ ಬಂದಳು. "ನನಗೀಗ ಭಯ ಆಗ್ತಿದೆ ರಾಜೇಶ್ವರಮ್ಮಾರೇ. ನಿಜ ಯಾವುದು, ಬಂದೋರು ಹೇಳಿದ್ದು ಯಾವುದು, ಎಲ್ಲಾ ಕಲಸಿ ಹೋಗಿದೆ. ನಾನೀಗ ಏನು ಮಾಡ್ಲಿ?"

"ಹೇಳೋದನ್ನ ನಿಲ್ಲಿಸಿ. ಹದಿನೆಂಟು ದಿನ ಯಾರಿಗೂ ಹೇಳ್ಬೇಡಿ. ನೆನಪಾದ್ರೆ ಒಳ್ಳೇದು. ಆಗ್ದಿದ್ರೆ ಕೋರ್ಟಲ್ಲಿ ನೆನಪಿಲ್ಲ ಅನ್ನಿ. ನೆನಪಿಲ್ಲ ಅನ್ನೋದು ತಪ್ಪಲ್ಲ."

ಮರುದಿನದಿಂದ ಗುತ್ಯಮ್ಮ ಹೇಳುವುದನ್ನು ನಿಲ್ಲಿಸಿದಳು. ಅದು ಸುಲಭವಾಗಿರಲಿಲ್ಲ. ಉಜ್ಜಪ್ಪನ ಅಕ್ಕನೇ, "ನಮ್ಮನ್ನು ಹೊರಗಿನವರಂಗೆ ಮಾಡಿದ್ಲು," ಎಂದು ಚಹಾ ಮುಟ್ಟದೆ ಎದ್ದು ಹೋದಳು. ಟೀವಿಯವರೊಬ್ಬರು ಫೋನಿನಲ್ಲಿ, "ಎರಡೇ ನಿಮಿಷ ಅಮ್ಮಾ," ಎಂದು ದಿನಕ್ಕೆ ಆರು ಸಲ ಕೇಳಿದರು. ಒಬ್ಬ ನೆಂಟ ಗಂಟೆಗಟ್ಟಲೆ ಕೂತು, ಕೊನೆಗೆ, "ಆ ನಗೋದನ್ನಾದ್ರೂ ಹೇಳು," ಎಂದ. ಗುತ್ಯಮ್ಮನ ತಾಳ್ಮೆ ಹರಿದು ಹೋಯಿತು. "ನಿನ್ನ ಹೆಂಡ್ತಿ ಸತ್ತಾಗ ಹೇಳಿದೆಯಲ್ಲ ಹೆಂಗೆ ಸತ್ಲು ಅಂತ, ನಾನು ಇನ್ನೊಂದ್ಸಲ ಕೇಳಿದ್ನಾ? ಕೂತ್ಕೋ. ನಮ್ಮ ಸುಮಾ ಹೆಂಗೆ ಬದುಕಿದ್ಲು ಅಂತ ಹೇಳ್ತೇನೆ. ಬೇಕಾದ್ರೆ ಕೇಳು." ಕುರಿಗಳ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದಳು ಸುಮಾ. ಅತ್ತೆಗೆ ಮೊಬೈಲಿನಲ್ಲಿ ನಂಬರು ಒತ್ತುವುದನ್ನು ಕಲಿಸಿದ್ದಳು. ಹಾಗಲಕಾಯಿ ಪಲ್ಯಕ್ಕೆ ಬೆಲ್ಲ ಸುರಿದು ಮಾವನ ಹತ್ತಿರ ಬೈಸಿಕೊಳ್ಳುತ್ತಿದ್ದಳು. ನೆಂಟ ಕೊನೆಯವರೆಗೂ ಕೂತು ಕೇಳಿದ. ಕುರಿದೊಡ್ಡಿಗೆ ಹೊರಟಿದ್ದ ಶಿವಶಂಕರ ಹೊಸಿಲ ಮೇಲೇ ಕೂತ.

ಹನ್ನೊಂದನೆಯ ದಿನ ಬೆಳಿಗ್ಗೆ ಗುತ್ಯಮ್ಮ ದೊಡ್ಡಿ ಗುಡಿಸುತ್ತಿದ್ದಳು. ಅಲ್ಲಿ ಸೀಳುಕಿವಿ ಎಂಬ ಕುರಿ ಇತ್ತು. ಒಂದು ಕಿವಿ ಹರಿದು ಎರಡಾಗಿದ್ದರಿಂದ ಆ ಹೆಸರು. ಉಳಿದ ಕುರಿಗಳ ಉಣ್ಣೆ ಕತ್ತರಿಸಿ ಆಗಿತ್ತು. ಸೀಳುಕಿವಿಯನ್ನು ಮಾತ್ರ ಮುಟ್ಟಲು ಅವಳು ಬಿಟ್ಟಿರಲಿಲ್ಲ. ಅದರ ಬೆನ್ನಿನ ಮೇಲೆ ಸುಮಾ ಎಳೆದ ಕೊನೆಯ ಗೆರೆ ಇತ್ತು. ಕುತ್ತಿಗೆಯ ಹತ್ತಿರ ಶುರುವಾಗಿ, ನಡುಬೆನ್ನಿಗೆ ಬರುವಷ್ಟರಲ್ಲಿ ಗೆರೆ ನಿಂತು ಹೋಗಿತ್ತು.

ಗುತ್ಯಮ್ಮ ಪೊರಕೆ ಬಿಟ್ಟು, ಮೊಣಕಾಲೂರಿ, ಆ ದಿನದ ಹಾಗೆಯೇ ಕುರಿಯನ್ನು ಎದೆಗೆ ಅವುಚಿ ಹಿಡಿದಳು. ಮುಖ ಉಣ್ಣೆಯಲ್ಲಿ ಹುದುಗಿತು. ಏನೂ ಕಾಣಲಿಲ್ಲ. ಕುರಿಯ ವಾಸನೆ, ಅಷ್ಟೆ.

ಹಾಗಾದರೆ ಲೋಕಪ್ಪನಿಗೆ ಹೊಡೆದದ್ದನ್ನು ತಾನು ನೋಡಲೇ ಇಲ್ಲ. ಗೆರೆ ಎಳೆಯುವಾಗಲೇ ಸದ್ದಾಯಿತು. ಎರಡು ಸಲ. ಕುರಿ ಒದ್ದುಕೊಂಡು ಕೈಯಿಂದ ಜಾರಿತು. ಆಮೇಲೆಯೇ ತಾನು ತಲೆ ಎತ್ತಿದ್ದು.

ಅವಳು ತಲೆ ಎತ್ತಿದಳು. ಎದುರಿಗೆ ದೊಡ್ಡಿಯ ಬೇಲಿ ಇತ್ತು. ಅವಳಿಗೆ ಕಂಡದ್ದು ಅವನು. ಬಂದೂಕನ್ನು ನಡುವಲ್ಲಿ ಬಗ್ಗಿಸಿ ತೆರೆದು ಹಿಡಿದಿದ್ದ. ಒಂದು ಕಾಡತೂಸು ಕೈಯಲ್ಲಿ. ಇನ್ನೊಂದು ಹಲ್ಲಿನ ನಡುವೆ. ತುಟಿ ಹಿಂದಕ್ಕೆ ಸರಿದು ಹಲ್ಲು ಕಾಣುತ್ತಿತ್ತು. ಅವನು ನಗುತ್ತಿರಲಿಲ್ಲ. ಗುಂಡು ತುಂಬುತ್ತಿದ್ದ.

ಗುತ್ಯಮ್ಮ ಬಹಳ ಹೊತ್ತು ಆ ಕುರಿಯನ್ನು ಬಿಡಲಿಲ್ಲ. ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ.

ಕೋರ್ಟಿನ ದಿನ ರಾಜೇಶ್ವರಮ್ಮ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತರು. ಉಜ್ಜಪ್ಪ, ಶಿವಶಂಕರ ಒಳಗೆ ಹಿಂದೆ ನಿಂತರು. ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ಗುತ್ಯಮ್ಮ ನಿಧಾನವಾಗಿ ಹೇಳಿದಳು. ಗುಂಡು ಹಾರಿಸಿದ್ದು ಯಾರು ಎಂದಾಗ ಅವನ ಹೆಸರು, ಅವನ ತಂದೆಯ ಹೆಸರು, ಊರು ಎಲ್ಲವನ್ನೂ ಬಿಡಿಸಿ ಹೇಳಿ, ಕೈ ಮಾಡಿ ತೋರಿಸಿದಳು.

ಆಮೇಲೆ ಅವನ ಕಡೆಯ ವಕೀಲರು ಎದ್ದರು. ಅಂದುಕೊಂಡ ಹಾಗೆಯೇ ಚೌಡೇಶನ ವಿಡಿಯೋ ತೋರಿಸಿದರು. ಅಲ್ಲಿ ಅವಳದೇ ದನಿ: ನಗ್ತಾ ನಗ್ತಾ ಹೊಡ್ದ.

"ಇದು ನೀವೇ ತಾನೇ?"

"ನಾನೇ."

"ನಕ್ಕ ಅಂತ ಹೇಳಿದ್ದೀರಿ."

"ಹೇಳಿದ್ದೆ ಸ್ವಾಮಿ. ಅದು ಸುಳ್ಳು. ನಾನು ನೋಡಿಲ್ಲ. ಬಂದೋರು ಹೇಳಿದ್ರು, ನಾನೂ ಹೇಳಿದೆ. ಲೋಕಪ್ಪಗೆ ಬಿದ್ದದ್ದೂ ನಾನು ನೋಡಿಲ್ಲ, ಸದ್ದು ಕೇಳಿದೆ. ಕುರಿ ಹಿಡ್ಕೊಂಡು ಬಗ್ಗಿದ್ದೆ."

ಹಿಂದೆ ನಿಂತಿದ್ದ ಉಜ್ಜಪ್ಪ, ಎಲ್ಲಾ ಹಾಳು ಮಾಡಿದಳು ಅಂದುಕೊಂಡ.

"ಹಾಗಾದರೆ ನೀವು ನೋಡಿದ್ದಾದರೂ ಏನು?" ಎಂದರು ವಕೀಲರು, ಗೆದ್ದವರ ಹಾಗೆ.

"ತಲೆ ಎತ್ತಿದಾಗ ಅವನು ಗುಂಡು ತುಂಬ್ತಿದ್ದ. ಒಂದು ಕಾಡತೂಸು ಕೈಲಿತ್ತು, ಒಂದನ್ನ ಹಲ್ಲಲ್ಲಿ ಕಚ್ಕೊಂಡಿದ್ದ. ಅದನ್ನೂ ತೆಗೆದು ತುಂಬಿದ. ಬಂದೂಕು ಮುಚ್ಚಿದ. ಸುಮಾ ಬಣ್ಣದ ಡಬ್ಬಿ ಹಿಡ್ಕೊಂಡು ನಿಂತಿದ್ಲು. ಆಮೇಲೆ ಹೊಡ್ದ."

ವಕೀಲರು ಮುಂದಿನ ಪ್ರಶ್ನೆ ಹುಡುಕುವಷ್ಟರಲ್ಲಿ ನ್ಯಾಯಾಧೀಶರು ಕಾಗದದ ಕಟ್ಟು ತಿರುವಿದರು. ಮೂರನೆಯ ದಿನ ಮ್ಯಾಜಿಸ್ಟ್ರೇಟರ ಮುಂದೆ ಅವಳು ಕೊಟ್ಟಿದ್ದ ಹೇಳಿಕೆಯಲ್ಲಿ ಅದೇ ಇತ್ತು. ಸದ್ದು ಕೇಳಿದ್ದು. ತಲೆ ಎತ್ತಿದ್ದು. ಹಲ್ಲಿನಲ್ಲಿ ಕಾಡತೂಸು. ನಗುವಿನ ಮಾತೇ ಇರಲಿಲ್ಲ. ಕೈತಪ್ಪಿ ಹಾರಿದ ಬಂದೂಕಿಗೆ ಯಾರೂ ಮತ್ತೆ ಗುಂಡು ತುಂಬುವುದಿಲ್ಲ. ಅದನ್ನು ಅಲ್ಲಿ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಮೂರು ತಿಂಗಳ ಮೇಲೆ ತೀರ್ಪು ಬಂತು. ಜೀವಾವಧಿ ಶಿಕ್ಷೆ. ಗುತ್ಯಮ್ಮನ ಸಾಕ್ಷಿಯನ್ನು ನಂಬಬಹುದೆಂದು ನ್ಯಾಯಾಧೀಶರು ಓದಿದರು. ತನ್ನ ತಪ್ಪನ್ನು ತಾನೇ ಒಪ್ಪಿಕೊಂಡ ಸಾಕ್ಷಿ ಎಂದರು.

ಹೊರಗೆ ಬಂದಾಗ ಉಜ್ಜಪ್ಪ ಮೆತ್ತಗೆ ಕೇಳಿದ. "ನೇಣಾಗ್ಲಿಲ್ವಲ್ಲೇ?"

"ಕೈತಪ್ಪಿತು ಅಂತ ನಾಲ್ಕು ದಿನಕ್ಕೆ ಹೊರಗೆ ಬರ್ತಿದ್ದ. ಬರ್ಲಿಲ್ವಲ್ಲ. ನಡೀರಿ," ಎಂದಳು ಗುತ್ಯಮ್ಮ. ಅವಳಿಗೆ ಸಂತೋಷವೇನೂ ಇರಲಿಲ್ಲ. ಸಾಕಾಗಿತ್ತು.

ಮೆಟ್ಟಿಲ ಕೆಳಗೆ ಏಳು ಮೈಕುಗಳು ಒಟ್ಟಿಗೆ ಮುಂದೆ ಬಂದವು. "ಅಮ್ಮಾ, ತೀರ್ಪು ಕೇಳಿದಾಗ ಅವನು ನಕ್ಕನಾ? ಅವನ ಮುಖ ನೋಡಿದಾಗ ನಿಮಗೆ ಹೇಗನ್ನಿಸಿತು?"

ಗುತ್ಯಮ್ಮ ಬಾಯಿ ತೆರೆಯುವ ಮೊದಲೇ ಉಜ್ಜಪ್ಪ ಅಡ್ಡ ನಿಂತ. ಆ ದಿನ ಅವನು ಮಾಸಿದ ಅಂಗಿಯಲ್ಲೇ ಬಂದಿದ್ದ. "ಅವನ ಸುದ್ದಿ ಬೇಡ ಕಣ್ರೀ. ನನ್ನ ಸೊಸೆ ಸುಮಾ ಬಗ್ಗೆ ಕೇಳಿ, ಹೇಳ್ತೇನೆ. ಲೋಕಪ್ಪ, ಉಚ್ಚಂಗಪ್ಪನ ಬಗ್ಗೆ ಕೇಳಿ, ಹೇಳ್ತೇನೆ. ಎಷ್ಟೊತ್ತು ಬೇಕಾದ್ರೂ ಹೇಳ್ತೇನೆ."

ಆರು ಮೈಕು ಕೆಳಗಿಳಿದವು. ಒಬ್ಬ ಹುಡುಗಿ ಮಾತ್ರ ನಿಂತಳು. "ಹೇಳಿ ಅಪ್ಪಾಜಿ," ಎಂದಳು. ಉಜ್ಜಪ್ಪ ಹಾಗಲಕಾಯಿ ಪಲ್ಯದಿಂದ ಶುರು ಮಾಡಿದ.

ಚೌಡೇಶ್ ತನ್ನ ವಿಡಿಯೋ ತೆಗೆದುಹಾಕಿದ್ದಾನೆ. ಬೇರೆಯವರು ಹಂಚಿಕೊಂಡದ್ದು ಇನ್ನೂ ಓಡಾಡುತ್ತಿದೆ. ಅದನ್ನು ತೆಗೆಯುವುದು ಅವನ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲಿದೆ.

ಅಕ್ಕಂದಿರೇ, ಅಣ್ಣಂದಿರೇ, ಇಂಥ ಅನಾಹುತ ನಿಮ್ಮ ಊರಿನ ಹತ್ತಿರ ಆಗದಿರಲಿ. ಒಂದು ವೇಳೆ ಆದರೆ, ಆ ಮನೆಗೆ ಹೋಗಿ, ಜೊತೆಗೆ ಕೂತುಕೊಳ್ಳಿ. ಹೇಗಾಯಿತೆಂದು ಕೇಳಬೇಡಿ. ಸಾಧ್ಯವಾದರೆ ಹಾಲು, ಸಕ್ಕರೆ ನೀವೇ ತೆಗೆದುಕೊಂಡು ಹೋಗಿ. ನೋಡಿದವರು ನೋಡಿದ್ದನ್ನು ಮೊದಲು ಪೊಲೀಸರಿಗೆ, ನ್ಯಾಯಾಲಯಕ್ಕೆ ಹೇಳಲಿ. ಅವರ ಬಾಯಿಗೆ ನಿಮ್ಮ ಮಾತು ಹಾಕಬೇಡಿ, ಅವರ ಮುಖಕ್ಕೆ ಮೊಬೈಲು ಹಿಡಿಯಬೇಡಿ. ಕೊಂದವನ ಫೋಟೊ ನಿಮ್ಮ ಫೋನಿಗೆ ಬಂದರೆ ಅಲ್ಲಿಗೇ ಅಳಿಸಿ. ಮುಂದಕ್ಕೆ ಕಳಿಸಬೇಡಿ. ಕೋರ್ಟು ಯಾಕೆ, ಪೊಲೀಸರೇ ಗುಂಡಿಕ್ಕಿ ಬಿಡಲಿ ಎನ್ನುವವರಿಗೆ ಗುತ್ಯಮ್ಮನ ಕಥೆ ಹೇಳಿ.

ಇಷ್ಟು ಓದಿದಿರಿ. ಅವನ ಹೆಸರು ಈ ಕಥೆಯಲ್ಲಿ ಎಲ್ಲೂ ಬರಲಿಲ್ಲ. ಅದಿಲ್ಲದೆ ನಿಮಗೇನೂ ಕಡಿಮೆಯಾಗಲಿಲ್ಲ. ಆ ಹೆಸರು ಹೇಳಲೇಬೇಕಾದ ಜಾಗ ಒಂದಿತ್ತು. ಅಲ್ಲಿ ಗುತ್ಯಮ್ಮ ಹೇಳಿ ಬಂದಿದ್ದಾಳೆ. ನೀವು ನೆನಪಿಟ್ಟುಕೊಳ್ಳಬೇಕಾದದ್ದು ಲೋಕಪ್ಪ, ಉಚ್ಚಂಗಪ್ಪ, ಸುಮಾ. ಸೀಳುಕಿವಿಯ ಉಣ್ಣೆಯನ್ನು ಈ ಸಲ ಶಿವಶಂಕರನೇ ಕತ್ತರಿಸಿದ. ಗೆರೆ ಇದ್ದಷ್ಟು ಉಣ್ಣೆಯನ್ನು ಬೇರೆ ತೆಗೆದು, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾನೆ.